ಮಿಕ್ಕ ಗಾರೆಯ ಗೋಡೆ

ನಮ್ಮ ಮನೆಯಲ್ಲಿ ರಾಗಿ ಅಳೆಯುವುದಕ್ಕೂ ಮರಳು ಅಳೆಯುವುದಕ್ಕೂ ಇದ್ದದ್ದು ಒಂದೇ ಸೇರು. ಅಪ್ಪ ಅಜ್ಜಂಪುರದಲ್ಲಿ ಗಾರೆ ಕೆಲಸದ ಮೇಸ್ತ್ರಿ. ಹೊಸ ಕೆಲಸ ಹಿಡಿದಾಗಲೆಲ್ಲ ಆ ಕೆಲಸಕ್ಕೆ ಬರುವ ಇಟ್ಟಿಗೆಯಲ್ಲಿ ಒಂದಿಷ್ಟನ್ನು ಗಾಡಿಯಲ್ಲಿ ಮನೆಗೆ ತರಿಸಿ, ಅಂಗಳದಲ್ಲಿ ಚಾಪೆ ಹಾಸಿ, ಅದರ ಮೇಲೆ ಗಾರೆಯಿಲ್ಲದೆ ಒಂದು ಸಾಲು, ಒಂದು ವರಸೆ, ಜೋಡಿಸುತ್ತಿದ್ದ. ಇಟ್ಟಿಗೆಗೂ ಇಟ್ಟಿಗೆಗೂ ನಡುವೆ ಕಿರುಬೆರಳಿನಷ್ಟು ಸಂದು. ನಾನು ಜರಡಿ ಹಿಡಿದ ಒಣ ಮರಳನ್ನು ಆ ಸಂದುಗಳಿಗೆ ತುಂಬಬೇಕು. ಮೇಲೆಯೂ ಅಷ್ಟೇ ದಪ್ಪದ ಒಂದು ಪದರ ಹರಡಬೇಕು. ಅಪ್ಪ ಅದನ್ನು ಮರದ ಪಟ್ಟಿಯಿಂದ ಎಳೆದು ಸಮ ಮಾಡಿ, ಆಮೇಲೆ ಇಟ್ಟಿಗೆಗಳನ್ನು ಒಂದೊಂದಾಗಿ ಕೊಡವಿ ಎತ್ತಿಡುತ್ತಿದ್ದ. ಚಾಪೆಯ ಮೇಲೆ ಉಳಿದ ಮರಳನ್ನು ಬಳಿದು ಸೇರಿನಲ್ಲಿ ಅಳೆಯುವುದು ನನ್ನ ಪಾಲಿನ ಕೆಲಸ. ಅಷ್ಟು ಇಟ್ಟಿಗೆಗೆ ಎಷ್ಟು ಮರಳು ಹಿಡಿಯಿತೋ ಅಷ್ಟೇ ಗಾರೆ ಹಿಡಿಯುತ್ತದೆ. ಇಟ್ಟಿಗೆ ನೀರು ಕುಡಿಯುತ್ತದೆ, ಒತ್ತಿದಾಗ ಗಾರೆ ಕೂರುತ್ತದೆ, ಅದಕ್ಕೆಂದು ಇನ್ನೊಂದು ಪಾಲು ಸೇರಿಸಬೇಕು. ನಮ್ಮೂರ ಗೂಡಿನ ಇಟ್ಟಿಗೆ ಸೊಟ್ಟ, ಗಾರೆ ಹೆಚ್ಚು ತಿನ್ನುತ್ತಿತ್ತು. ತರೀಕೆರೆಯಿಂದ ಬರುತ್ತಿದ್ದುದು ನೇರ, ಕಡಿಮೆ ಸಾಕು. ಹಾಗಾಗಿ ಹೋದ ಸಲದ ಲೆಕ್ಕವನ್ನು ಅಪ್ಪ ಈ ಸಲಕ್ಕೆ ಎಂದೂ ಹಚ್ಚಿದವನಲ್ಲ. ಪ್ರತಿ ಸಲವೂ ಚಾಪೆ, ಪ್ರತಿ ಸಲವೂ ಮರಳು, ಪ್ರತಿ ಸಲವೂ ಅಡುಗೆಮನೆಯಿಂದ ಅವ್ವನ ಕೂಗು.

"ಆ ಸೇರು ತೊಳ್ದಿಡೇ ಗಿರ್ಜಿ. ನಿನ್ನೆ ಮುದ್ದೇಲಿ ಕಟಕ್ ಅಂತು."

"ತೊಳ್ದೀನವ್ವಾ."

"ತೊಳ್ದೀನಿ ಅಂತ ನನ್ನ ಹಲ್ಲಿಗೆ ಹೇಳು."

ಅಪ್ಪನ ನಿಯಮ ಒಂದೇ. ಸಾಲದೆ ಹೋಗಬಾರದು, ಮಿಕ್ಕಲೂಬಾರದು. ಸುಣ್ಣ, ಮರಳು, ಸುಟ್ಟ ಇಟ್ಟಿಗೆಯ ಪುಡಿ, ಈ ಮೂರನ್ನು ಎತ್ತು ಕಟ್ಟಿದ ಗಾಣದಲ್ಲಿ ಅರೆದು ತೆಗೆದ ಗಾರೆ ಆ ದಿನಕ್ಕೆ ಮಾತ್ರ. ಮರುದಿನಕ್ಕೆ ಉಳಿಸಿದ ಗಾರೆ ಇಟ್ಟಿಗೆಯನ್ನು ಹಿಡಿದ ಹಾಗೆ ಕಾಣುತ್ತದೆ, ಹಿಡಿದಿರುವುದಿಲ್ಲ. ಸಂಜೆ ಕರಣೆ ತೊಳೆಯುವ ಹೊತ್ತಿಗೆ ಗಾರೆ ತುಂಬಿದ್ದ ಬಾನಿಯ ತಳ ಕಾಣಬೇಕು, ಹಾಕಿದ ವರಸೆಯೂ ಮೂಲೆಗೆ ಮುಟ್ಟಿರಬೇಕು. ಇದೇ ನಿಯಮ ಮನೆಯಲ್ಲೂ ನಡೆಯಿತು. ಕಸಕ್ಕೆ, ನೀರಿಗೆ, ಎಮ್ಮೆಗೆ, ಒಲೆಗೆ ಎಲ್ಲಕ್ಕೂ ಗೊತ್ತಾದ ಹೊತ್ತು. ಮಧ್ಯಾಹ್ನಕ್ಕೆ ಎಷ್ಟು ಮುದ್ದೆ ಎಂದು ಬೆಳಿಗ್ಗೆಯೇ ನಿಶ್ಚಯವಾಗಬೇಕು, ಅಷ್ಟೇ ಆಗಬೇಕು. ಗಡಿಗೆಯಲ್ಲಿ ಒಂದು ಸೌಟು ಸಾರು ಉಳಿದಿದ್ದು ಕಂಡರೆ ಅಪ್ಪ ಕೈತೊಳೆದವನು ಮತ್ತೆ ಕೂತು ಅದನ್ನು ಕುಡಿದೇ ಏಳುತ್ತಿದ್ದ. ಹೇಳದೆ ನೆಂಟರು ಬಂದರೆ ಅವ್ವ ತನ್ನ ಮುದ್ದೆಯನ್ನು ಅವರ ತಟ್ಟೆಗೆ ಹಾಕಿ, ತನಗೆ ಹಸಿವಿಲ್ಲ ಎನ್ನುತ್ತಿದ್ದಳು. ಅಪ್ಪನ ಲೆಕ್ಕ ತಪ್ಪಿದ್ದನ್ನು ನಾನು ನೋಡಿರಲಿಲ್ಲ. ಅದು ತಪ್ಪದ ಹಾಗೆ ನೋಡಿಕೊಳ್ಳುತ್ತಿದ್ದವರು ಯಾರು ಎಂದು ಯೋಚಿಸುವ ವಯಸ್ಸು ನನಗೆ ಆಗಿರಲಿಲ್ಲ.

ಮನೆ ದೊಡ್ಡದಲ್ಲ. ಮುಂದೆ ಜಗಲಿ, ನಡುವೆ ಉಣ್ಣುವ ಪಡಸಾಲೆ, ಒಂದು ಪಕ್ಕ ಅಡುಗೆಮನೆ, ಹಿಂದೆ ಒಂದು ಕೋಣೆ. ಅಜ್ಜಿ, ಅಪ್ಪ, ಅವ್ವ, ನಾನು, ಅವ್ವನ ತಮ್ಮ ರುದ್ರಮಾವ, ಇಷ್ಟು ಜನ. ಮಾವ ಸಿಂಗಟಗೆರೆಯಿಂದ ಕೆಲಸ ಕಲಿಯಲು ಬಂದು ಅಪ್ಪನ ಕೈಕೆಳಗೆ ಒಳ್ಳೆಯ ಗಾರೆಯವನಾಗಿದ್ದ. ಹಿಂದಿನ ಕೋಣೆಯ ಮೂಡಲ ಗೋಡೆ ಮಣ್ಣಿನದು. ನಮ್ಮೂರದು ಎರೆಮಣ್ಣು, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಆ ಗೋಡೆ ಒಮ್ಮೆ ಬಿದ್ದು, ಮತ್ತೆ ಎದ್ದು, ಮತ್ತೊಮ್ಮೆ ಬಿತ್ತು. ಅದರಾಚೆ ಮನೆಗಳಿಲ್ಲ. ಜೋಳದ ಹೊಲ, ಅದರಾಚೆಯೂ ಹೊಲ. ಗಾಳಿಗೆ ಅಡ್ಡ ಬರುವಂಥದ್ದು ನಮ್ಮ ಮನೆಯೇ ಮೊದಲು. ಎರಡನೇ ಸಲ ಬಿದ್ದಾಗ ಅಪ್ಪ ಇನ್ನು ಇಟ್ಟಿಗೆ ಗಾರೆಯಲ್ಲೇ ಕಟ್ಟುವುದು ಎಂದ. ಸೊಟ್ಟವು, ಅರ್ಧವಾದವು, ಸುಟ್ಟು ಕಪ್ಪಾದವು, ಕೆಲಸ ಮಾಡಿಸಿದವರು ಬೇಡವೆಂದು ಬಿಟ್ಟ ಇಟ್ಟಿಗೆಗಳನ್ನು ಕೇಳಿ ತಂದು ಹಿತ್ತಿಲಲ್ಲಿ ಒಟ್ಟಿದ. ಗೋಡೆ ನನ್ನ ಮೊಣಕಾಲಿನವರೆಗೆ ಎದ್ದು ಅಲ್ಲಿಗೇ ನಿಂತಿತು. ಮೇಲಿನ ಬಾಯಿಗೆ ಬಿದಿರು ತಟ್ಟಿ ಕಟ್ಟಿದೆವು.

ನಿಂತದ್ದು ಏಕೆ ಎಂದು ಹೇಳಬೇಕಾದರೆ ನಮ್ಮ ಕಡೆಯ ಗಾರೆಯವರ ಒಂದು ರೂಢಿ ಹೇಳಬೇಕು. ಸಂಜೆ ಬಾನಿಯಲ್ಲಿ ಮಿಕ್ಕ ಗಾರೆ ಮೇಸ್ತ್ರಿಗೆ ಸೇರಿದ್ದು. ಹೇಗೂ ನಾಳೆಗೆ ಬಾರದು, ಎಸೆಯುವ ಬದಲು ಅವನು ಮನೆಗೆ ಒಯ್ಯಬಹುದು, ಯಾರೂ ಕೇಳುವುದಿಲ್ಲ. ಊರಿನ ಗಾರೆಯವರ ಮನೆಗಳೆಲ್ಲ ಹೀಗೆ ದಿನಕ್ಕೊಂದು ವರಸೆಯಂತೆ ಎದ್ದವು. ಬುದ್ಧಿವಂತರು ಮಿಕ್ಕುವ ಹಾಗೆಯೇ ಕಲಸುತ್ತಿದ್ದರು. ಆಗ ಅಪ್ಪ ಹಿಡಿದಿದ್ದ ಕೆಲಸ ರೈಲು ನಿಲ್ದಾಣದ ಹತ್ತಿರ ಒಬ್ಬ ಸಾಹುಕಾರರು ದಾರಿಹೋಕರಿಗೆಂದು ಕಟ್ಟಿಸುತ್ತಿದ್ದ ಛತ್ರ. ಮೊದಲ ದಿನ ಅವರು ಎಲ್ಲರ ಮುಂದೆ ನಗುತ್ತ ಹೇಳಿದ್ದನ್ನು ರುದ್ರಮಾವ ಮನೆಗೆ ಬಂದು ಅವರ ದನಿಯಲ್ಲೇ ಆಡಿ ತೋರಿಸಿದ.

"ನಿನ್ನ ಹಿಂದಿನ ಮೇಸ್ತ್ರಿ ಮನೆ ನೋಡಿದೀಯೇನಯ್ಯಾ? ನನ್ನ ಗಾರೇಲೇ ನಿಂತೈತೆ. ನೀನೆಷ್ಟು ಅಂಕಣದ್ದು ಅಂತ ಮನ್ಸು ಮಾಡಿದೀಯ?"

ಅಪ್ಪನ ಉತ್ತರವನ್ನೂ ಮಾವ ಅಪ್ಪನ ಹಾಗೆ ಗದ್ದ ಎತ್ತಿ ಒಪ್ಪಿಸಿದ.

"ಮಿಕ್ಕಿದ್ರೆ ತಗೋತೀನಿ ಸ್ವಾಮಿ. ಮಿಕ್ಕೋ ಹಂಗೆ ಕಲ್ಸಲ್ಲ."

ಆ ಮಾತು ಆಡಿದ ಮೇಲೆ ಛತ್ರದ ಬಾನಿಯಲ್ಲಿ ಏನೂ ಮಿಕ್ಕಲಿಲ್ಲ. ಮೊದಲು ಯಾವಾಗಲಾದರೂ ಒಂದು ಹಿಡಿ, ಅರ್ಧ ಬಾಂಡ್ಲಿ ಉಳಿಯುತ್ತಿತ್ತು, ನಮ್ಮ ಗೋಡೆ ಅಷ್ಟಾದರೂ ಎದ್ದದ್ದು ಅದರಲ್ಲೇ. ಈಗ ಅಪ್ಪ ಇನ್ನೂ ಎಚ್ಚರದಿಂದ ಅಳೆಯತೊಡಗಿದ. ನನ್ನನ್ನೂ ಮರಳನ್ನು ಮತ್ತೊಮ್ಮೆ ಅಳೆ ಎನ್ನುತ್ತಿದ್ದ. ನಮ್ಮ ಗೋಡೆ ಮೊಣಕಾಲಿನಲ್ಲೇ ಇತ್ತು, ಅವ್ವನ ಹೊಟ್ಟೆ ಮುಂದೆ ಬಂದಿತ್ತು. ನನ್ನನ್ನು ಹೆತ್ತ ಮೇಲೆ ಬಹಳ ವರ್ಷಕ್ಕೆ ನಿಂತ ಬಸಿರು. ಹೆರಿಗೆ ಆ ಹಿಂದಿನ ಕೋಣೆಯಲ್ಲೇ ಆಗಬೇಕು, ಬಾಣಂತಿ ಅಲ್ಲೇ ಮಲಗಬೇಕು. ಚಳಿ ಬರುವುದರೊಳಗೆ ಗೋಡೆ ಆಗುತ್ತದೋ ಇಲ್ಲವೋ ಎಂಬುದೇ ಮನೆಯಲ್ಲಿ ದಿನವೂ ಊಟದ ಹೊತ್ತಿನ ಮಾತು.

"ಭಾವ, ಮಣ್ಣಲ್ಲೇ ಕಟ್ಬಿಡಾಣ. ಎರಡು ದಿವ್ಸದ ಕೆಲ್ಸ," ಎಂದ ಮಾವ ಒಂದು ದಿನ.

"ಎರಡು ಸಲ ಬಿದ್ದೈತೆ. ಮೂರ್ನೇ ಸಲ ಕೂಸಿನ ಮೇಲೆ ಬೀಳ್ಬೇಕಾ?"

"ಹಂಗಾರೆ ಸುಣ್ಣ ತರ್ಸಿ," ಎಂದಳು ಅವ್ವ.

"ಗೂಡಿನ ಸುಣ್ಣ ಎಲ್ಲಾ ಛತ್ರಕ್ಕೇ ಹೇಳಿಟ್ಟೈತೆ. ಛತ್ರ ಮುಗೀಲಿ."

"ಛತ್ರ ಕಾಯ್ತೈತೆ. ಹೊಟ್ಟೆ ಕಾಯ್ತೈತಾ?"

ಅಪ್ಪ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದ. ಅವ್ವ ಬಿಡಲಿಲ್ಲ.

"ದಿನಾ ಒಂದು ಬಾಂಡ್ಲಿ ಹೆಚ್ಚಿಗೆ ಅರೆಸಿದ್ರೆ ಸಾವ್ಕಾರ್ರ ಮನೆ ಮುಳುಗ್ತೈತಾ? ಮಿಕ್ಕಿದ್ದು ನಿಮ್ದೇ ಅಂತ ಊರೇ ಹೇಳ್ತೈತೆ."

"ಮಿಕ್ಕಿದ್ದು ನಂದು. ಮಿಕ್ಸಿದ್ದು ಕದ್ದಿದ್ದು."

"ಬಿಡಕ್ಕಾ," ಎಂದ ಮಾವ, "ಭಾವ ಕೈಲಾಸಕ್ಕೆ ಹೋದ್ರೂ ಅಲ್ಲಿ ಬಾನಿ ಬಳ್ದೇ ಒಳಕ್ಕೆ ಕಾಲಿಡೋದು."

ಅಜ್ಜಿ ನಕ್ಕಳು, ನಾನೂ ನಕ್ಕೆ. ಅವ್ವ ನಗಲಿಲ್ಲ.

ಸುಗ್ಗಿಗೆ ಮುಂಚಿನ ಒಂದು ಸಂಜೆ ರುದ್ರಮಾವ ತಲೆಯ ಮೇಲೆ ಬಾಂಡ್ಲಿ ಹೊತ್ತು ಹಿತ್ತಿಲಿನಿಂದ ಬಂದ. ಹಿಂದೆ ಕೂಲಿಯಾಳು, ಅವನ ತಲೆಯ ಮೇಲೂ ಒಂದು. ಎರಡರಲ್ಲೂ ತುಂಬ ಗಾರೆ, ಮೇಲೆ ಒದ್ದೆ ಗೋಣಿ. ಅಪ್ಪ ಛತ್ರದ ಹಸಿ ಗೋಡೆಗೆ ನೀರು ಹೊಡೆಸಿ ಹಿಂದಿನಿಂದ ಬರುವುದು ವಾಡಿಕೆ. ಅವನು ಬರುವುದರೊಳಗೆ ಮಾವ ಇಟ್ಟಿಗೆ ನೆನೆಸಿ ಎರಡು ವರಸೆ ಎಬ್ಬಿಸಿದ. ನಾನು ಇಟ್ಟಿಗೆ ಎತ್ತಿಕೊಟ್ಟೆ. ಅವ್ವ ಸೊಂಟಕ್ಕೆ ಕೈ ಕೊಟ್ಟು ಬಾಗಿಲಲ್ಲಿ ನಿಂತು, ಅಲ್ಲಿ ಸಂದು ಬಿಟ್ಟೆ, ಇಲ್ಲಿ ಮೂಲೆ ನೋಡು ಎಂದು ತಮ್ಮನಿಗೆ ಮೇಸ್ತ್ರಿಕೆ ಮಾಡಿದಳು. ಅವಳು ಅಷ್ಟು ಗೆಲುವಾಗಿದ್ದುದನ್ನು ನಾನು ಮತ್ತೆ ಕಾಣಲಿಲ್ಲ. ಅಪ್ಪ ಬಂದ. ಕಾಲು ತೊಳೆಯಲಿಲ್ಲ. ಗೋಡೆಯ ಹತ್ತಿರ ಹೋಗಿ ಸಂದಿನಿಂದ ಒಂದಿಷ್ಟು ಗಾರೆ ಬೆರಳಿನಲ್ಲಿ ತೆಗೆದು ತಿಕ್ಕಿ ನೋಡಿದ.

"ಎಲ್ಲೀದು?"

"ಮಿಕ್ತು ಭಾವ."

"ಮಿಕ್ಕಲ್ಲ."

"ಮಿಕ್ತು ಅಂದ್ನಲ್ಲ ಭಾವ. ನಿಮ್ಮ ಲೆಕ್ಕ ಒಂದು ದಿನಾನಾದ್ರೂ ತಪ್ಪಬಾರ್ದಾ?"

ಅಪ್ಪ ಬಂದ ಹೆಜ್ಜೆಯಲ್ಲೇ ತಿರುಗಿ, ಇನ್ನೂ ಬೆಳಕಿರುವಾಗಲೇ ಛತ್ರಕ್ಕೆ ಹೋದ. ವಾಪಸು ಬಂದಾಗ ಅವನ ಕೈಯಲ್ಲಿ ಒಂದು ಇಟ್ಟಿಗೆ ಇತ್ತು, ಅದರ ಕೆಳಗೆ ವೀಳ್ಯದೆಲೆಯಷ್ಟು ತೆಳ್ಳಗೆ ಗಾರೆ. ಮಾವ ಆ ದಿನ ತನ್ನ ಪಾಲಿನ ಗೋಡೆಯಲ್ಲಿ ಸಂದುಗಳನ್ನು ಸಣ್ಣ ಮಾಡಿ, ನಡುವಿನ ಸಂದುಗಳನ್ನು ಪೊಳ್ಳು ಬಿಟ್ಟು, ಹೊರಗಿನಿಂದ ಮಾತ್ರ ಗಾರೆ ಒತ್ತಿ ಮುಚ್ಚಿದ್ದ. ಹಾಗೆ ಉಳಿಸಿದ್ದನ್ನು ಅಕ್ಕನಿಗೆ ತಂದಿದ್ದ.

"ಆ ಗೋಡೆ ಮಗ್ಗುಲಲ್ಲಿ ಜನ ಮಲಗ್ತಾರೆ ಕಣೋ. ಮಕ್ಳು ಮರೀನ ಮಲಗಿಸ್ಕೋತಾರೆ."

"ಈ ಗೋಡೆ ಮಗ್ಗುಲಲ್ಲಿ ಯಾರು ಮಲಗ್ತಾರೆ ಭಾವ?"

ಅಪ್ಪ ಗೋಡೆಯ ಮುಂದೆ ಕುಕ್ಕರಿಸಿದ. ಕರಣೆ ತೆಗೆದುಕೊಂಡು ಮಾವ ಕಟ್ಟಿದ ಎರಡು ವರಸೆಯನ್ನು ಒಂದೊಂದೇ ಇಟ್ಟಿಗೆಯಾಗಿ ಬಿಡಿಸಿದ. ಒಡೆಯಲಿಲ್ಲ, ಬಿಡಿಸಿದ. ಒಂದೊಂದನ್ನೂ ಕೆರೆದು, ನೀರಿನ ಬಾನಿಯಲ್ಲಿ ಅದ್ದಿ ತೊಳೆದು, ಮೊದಲಿದ್ದ ಹಾಗೆ ಹಿತ್ತಿಲಲ್ಲಿ ಒಟ್ಟಿದ. ಗಾರೆಯನ್ನು ತಿಪ್ಪೆಗೆ ಹಾಕಿದ. ನಾಳೆ ಛತ್ರದ ಗೋಡೆಯನ್ನೂ ಬಿಚ್ಚಿ ಕಟ್ಟಬೇಕು ಎಂದಷ್ಟೇ ಹೇಳಿದ. ರುದ್ರಮಾವ ಅಲ್ಲಿಯೇ ತನ್ನ ಕರಣೆಯನ್ನು ಅಪ್ಪನ ಮುಂದೆ ಇಟ್ಟ.

"ನಿಮ್ಮ ಲೆಕ್ಕ ನೀವೇ ಇಟ್ಕಳಿ ಭಾವ. ಅಕ್ಕಾ, ಬತ್ತೀನಿ."

ಮರುದಿನ ಬೆಳಗಿನ ರೈಲಿಗೆ ಅವನು ಕಡೂರಿಗೆ ಹೋಗಿ, ಅಲ್ಲಿಂದ ಸಿಂಗಟಗೆರೆ ಸೇರಿದ. ಅವ್ವ ಅಳಲಿಲ್ಲ, ಜಗಳವನ್ನೂ ತೆಗೆಯಲಿಲ್ಲ. ಅಂದಿನಿಂದ ಗೋಡೆಯ ಮಾತನ್ನೇ ಬಿಟ್ಟಳು. ಅಪ್ಪ ಕೇಳಿದಷ್ಟು ಮುದ್ದೆ ಮಾಡಿದಳು, ಗಡಿಗೆಯಲ್ಲಿ ಏನೂ ಉಳಿಸಲಿಲ್ಲ.

ಹೆರಿಗೆಯ ಹೊತ್ತಿಗೆ ಚಳಿ ಬಂದಿತ್ತು. ಜೋಳ ಕೊಯ್ದು ಹೊಲ ಬೋಳಾಗಿದ್ದರಿಂದ ಗಾಳಿ ನೇರವಾಗಿ ನುಗ್ಗುತ್ತಿತ್ತು. ಅಜ್ಜಿ ತಟ್ಟಿಗೆ ಸಗಣಿ ಬಳಿದು, ಒಳಗಿನಿಂದ ಗೋಣಿ ಕಟ್ಟಿ, ಅದರ ಮೇಲೆ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ತೂಗುಹಾಕಿದಳು. ಆದರೂ ದೀಪ ನಿಲ್ಲುತ್ತಿರಲಿಲ್ಲ. ಸೂಲಗಿತ್ತಿ ನಂಜಕ್ಕ ಬಂದಳು, ಕೆಂಡದ ಮಡಕೆ ಇಟ್ಟರು, ಗಂಡು ಕೂಸು ಹುಟ್ಟಿತು. ಕೂಸು ಗಟ್ಟಿಯಾಗಿತ್ತು. ಎರಡು ದಿನ ಅವ್ವನೂ ಚೆನ್ನಾಗಿದ್ದಳು. ಆಮೇಲೆ ನಡುಕ ಹಿಡಿಯಿತು, ಮೈ ಕಾದ ಹೆಂಚಾಯಿತು. ನಂಜಕ್ಕ ಹಣೆ ಮುಟ್ಟಿ ನೋಡಿ ಬಾಣಂತಿ ಸನ್ನಿ ಎಂದಳು.

"ಶೀತ ಹೊಕ್ಕೈತೆ ಕಣಜ್ಜಿ. ಆ ಕಡೆಯಿಂದಾನೇ," ಎಂದು ತಟ್ಟಿಯ ಕಡೆ ಬೆರಳು ಮಾಡಿದಳು.

ಅಪ್ಪ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡ. ಆ ದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಗೊತ್ತಾದ ಹೊತ್ತಿಗೆ ಅಪ್ಪ ಹೊರಡದೆ ಇದ್ದದ್ದು ನಾನು ಕಂಡಂತೆ ಅದೇ ಮೊದಲು. ಹಿತ್ತಿಲಿನ ಕಡೆಯಿಂದ ಬಂದು, ಮೊಣಕಾಲೆತ್ತರದ ಆ ಗೋಡೆಯ ಮೇಲೆ ಹೊಲಕ್ಕೆ ಮುಖ ಮಾಡಿ ಕೂತು, ತಟ್ಟಿಗೆ ಬೆನ್ನು ಒತ್ತಿಕೊಂಡ. ಕಂಬಳಿಗಳೆಲ್ಲ ಒಳಗಿದ್ದವು, ಅವನ ಮೈಮೇಲೆ ಅಂಗವಸ್ತ್ರ ಒಂದೇ. ಒಳಗಿನಿಂದ ನೋಡಿದರೆ ಅವನ ಬೆನ್ನಿನಷ್ಟು ಅಗಲದಲ್ಲಿ ಮಾತ್ರ ಕಂಬಳಿ ಅಲುಗುತ್ತಿರಲಿಲ್ಲ. ಅವ್ವನ ಹಾಸಿಗೆಯನ್ನು ಆ ಜಾಗದ ನೇರಕ್ಕೆ ಎಳೆದೆವು. ಅಜ್ಜಿ ಉಣ್ಣಲು ಕರೆದರೆ ಅಪ್ಪ ಏಳಲಿಲ್ಲ. ಅವ್ವನಿಗೆ ಆ ಕಡೆ ಯಾರು ಕೂತಿದ್ದಾರೆಂದು ಗೊತ್ತಿತ್ತೋ ಇಲ್ಲವೋ. ಆಗಾಗ ಏನೇನೋ ಬಡಬಡಿಸುತ್ತಿದ್ದಳು. ಕೊನೆಗೆ ನನ್ನ ಕಡೆ ತಿರುಗಿ ತಿಳಿಯಾಗಿಯೇ ಕೇಳಿದಳು.

"ಗಿರ್ಜಿ, ಸೇರು ತೊಳ್ದೇನೇ?"

"ತೊಳ್ದೀನವ್ವಾ."

ಹಲ್ಲಿಗೆ ಹೇಳು ಎನ್ನಲಿಲ್ಲ. ಮಾರನೆಯ ಮಧ್ಯಾಹ್ನ ಹೋದಳು.

ನಮ್ಮಲ್ಲಿ ಹೂಳುತ್ತಾರೆ. ಊರಾಚೆಯ ಜಾಗದಲ್ಲಿ ಅವ್ವನನ್ನು ಮಣ್ಣು ಮಾಡಿ, ಕಾರ್ಯಗಳು ಮುಗಿದ ಮೇಲೆ ಅಪ್ಪ ಮೇಲೊಂದು ಗದ್ದುಗೆ ಕಟ್ಟಲು ಹೊರಟ. ಸಾಹುಕಾರರು ತಾವಾಗಿಯೇ ಸುಣ್ಣ ಕಳಿಸಿಕೊಟ್ಟರು, ಗಾಣವನ್ನೂ ಬಿಟ್ಟುಕೊಟ್ಟರು. ರುದ್ರಮಾವ ಸಾವಿಗೆ ಬಂದವನು ನಮ್ಮಲ್ಲೇ ಉಳಿದಿದ್ದ. ಅಪ್ಪನ ಜೊತೆ ಮಾತಿಲ್ಲ, ಆದರೂ ಆ ದಿನ ಕೇಳದೆಯೇ ಗಾಣದ ಮುಂದೆ ಬಂದು ನಿಂತ. ಅಪ್ಪ ಚಾಪೆ ಹಾಸಲಿಲ್ಲ. ನನ್ನ ಹತ್ತಿರ ಮರಳು ಅಳೆಸಲಿಲ್ಲ. ಬಾಯಲ್ಲೇ ಲೆಕ್ಕ ಹೇಳಿದ. ಮಾವ ಅಪ್ಪನ ಮುಖ ನೋಡಿದ.

"ಭಾವ, ಇಷ್ಟ್ಯಾಕೆ? ಕಟ್ಟೋದು ಒಂದು ಗದ್ದುಗೆ."

"ಹೇಳಿದಷ್ಟು ಅರೆಸು."

ಅರೆಸಿದ. ಗಾಡಿಯಲ್ಲಿ ತುಂಬಿ ತಂದರು. ಗದ್ದುಗೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಪ್ಪ ಮೂಲೆ ಹಿಡಿದು, ಸಂದು ತೀಡಿ, ಮೇಲೆ ಗಿಲಾವು ಮಾಡಿ ಮುಗಿಸಿದ. ಬಾನಿಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಗಾರೆ ಇತ್ತು. ಜೊತೆಗೆ ಬಂದಿದ್ದ ಗಾರೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪನ ಬಾನಿಯಲ್ಲಿ ಅವರು ಅಷ್ಟೊಂದನ್ನು ಎಂದೂ ಕಂಡವರಲ್ಲ. ರುದ್ರಮಾವ ಬಾನಿಯ ಅಂಚು ಹಿಡಿದು ಬಗ್ಗಿ ನೋಡಿದ. ಅವನೂ ಅದೇ ಕೆಲಸದವನು, ಅವನ ಕಣ್ಣಿಗೂ ಅಳತೆ ಇತ್ತು.

"ಮನೆ ಗೋಡೆ ಪೂರ್ತಿ ಆಗ್ತೈತೆ," ಎಂದ, ಯಾರಿಗೆ ಎಂದಿಲ್ಲದೆ.

"ಅದನ್ನ ಮನೆಗೆ ತರಂಗಿಲ್ಲಪ್ಪಾ," ಎಂದಳು ಅಜ್ಜಿ. "ಮಣ್ಣು ಮಾಡಿದ ಜಾಗಕ್ಕೆ ಅಂತ ಕಲ್ಸಿದ್ದು ಹೊಸ್ತಿಲು ದಾಟಬಾರ್ದು."

ಅದೂ ನಮ್ಮವರ ರೂಢಿಯೇ. ಅಪ್ಪನಿಗೆ ಗೊತ್ತಿಲ್ಲದ್ದಲ್ಲ. ಆದರೆ ಗಾರೆಯನ್ನು ಕಂಡಲ್ಲಿ ಸುರಿದು ಹೋಗುವುದು ಅವನ ಕೈಗೆ ಆಗದ ಕೆಲಸ. ಗದ್ದುಗೆಯ ಪಕ್ಕದಲ್ಲೇ ನೆಲ ಸಮ ಮಾಡಿ, ಮಿಕ್ಕಿದ್ದನ್ನೆಲ್ಲ ಅಲ್ಲಿ ಹಾಕಿಸಿ, ಮಂಡಿಯೂರಿ ಕೂತು ಕರಣೆಯಿಂದ ನಾಲ್ಕೂ ಕಡೆ ತೀಡಿ, ಮೂಲೆ ತೆಗೆದು, ಉದ್ದನೆಯ ಒಂದು ದಿಂಡು ಮಾಡಿದ. ಇಟ್ಟಿಗೆಯಿಲ್ಲದ ಬರೀ ಗಾರೆ. ಬಾನಿಯ ತಳ ಕಾಣುವವರೆಗೂ ಬಳಿದ. ಆಮೇಲೆ ಕರಣೆ ತೊಳೆದ. ಅಪ್ಪ ಲೆಕ್ಕ ತಪ್ಪಿದನೋ, ಬೇಕೆಂದೇ ಹೇಳಿದನೋ ಎಂದು ಮಾವನಾಗಲಿ ಅಜ್ಜಿಯಾಗಲಿ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಛತ್ರ ಮುಗಿದ ಮೇಲೆ ಗೂಡಿನಿಂದ ನಮ್ಮ ಪಾಲಿನ ಸುಣ್ಣ ಬಂತು. ಅಪ್ಪ ಚಾಪೆ ಹಾಸಿ, ನಾನು ಮರಳು ಅಳೆದು, ಹಿಂದಿನ ಕೋಣೆಯ ಗೋಡೆ ಎದ್ದಿತು. ಏನೂ ಮಿಕ್ಕಲಿಲ್ಲ. ಆ ಕೋಣೆಯಲ್ಲಿ ರಾಗಿ ಚೀಲ ಇಟ್ಟೆವು, ಅಲ್ಲಿ ಯಾರೂ ಮಲಗಲಿಲ್ಲ. ಅಜ್ಜಿ ಆಡಿನ ಹಾಲು ಕುಡಿಸಿ ತಮ್ಮನನ್ನು ಸಾಕಿದಳು. ಒಲೆ, ಸೇರು, ಮುದ್ದೆಯ ಲೆಕ್ಕ ನನ್ನ ಕೈಗೆ ಬಂದವು. ಲಂಗ ಉಡುವ ವಯಸ್ಸಿಗೇ ನಾನು ಹೇಳಿದ ಹೊತ್ತಿಗೆ ಹೇಳಿದಷ್ಟು ಬೇಯಿಸುವುದನ್ನು ಕಲಿತೆ. ಮುಂದೆ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಕಾಲದಲ್ಲಿ ಗಂಟೆ ಹೊಡೆಯುವ ಮೊದಲು ನಾನು ಬಾಗಿಲಲ್ಲಿ ಇರುತ್ತಿದ್ದೆ ಎಂದು ಎಲ್ಲರೂ ಹೊಗಳುತ್ತಿದ್ದರು. ಈಗಲೂ ನನ್ನ ಅಡುಗೆಮನೆಯಲ್ಲಿ ತಂಗಳು ಎಂಬುದಿಲ್ಲ. ಹೇಳದೆ ಬಂದವರಿಗೆ ನನ್ನ ತಟ್ಟೆಯದನ್ನು ಎತ್ತಿಕೊಡುತ್ತೇನೆ.

ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲೇ ಒಬ್ಬ ಡಾಕ್ಟರಮ್ಮನ ಪರಿಚಯವಾಗಿ, ಬಾಣಂತಿ ಸನ್ನಿ ಗಾಳಿಯಿಂದ ಬರುವುದಲ್ಲ, ಹೆರಿಗೆ ಮಾಡಿಸುವ ಕೈ ಶುದ್ಧವಿಲ್ಲದಿದ್ದರೆ ಬರುತ್ತದೆ ಎಂದು ತಿಳಿದುಕೊಂಡೆ. ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಅದನ್ನು ಹೇಳಿದೆ. ಅವನಿಗೆ ಆಗ ಕಣ್ಣು ಮಂಜಾಗಿತ್ತು, ಕೆಲಸ ಬಿಟ್ಟಿದ್ದ. ಇಷ್ಟು ವರ್ಷದ ಭಾರ ಇಳಿದೀತು ಎಂದುಕೊಂಡಿದ್ದೆ. ಅಪ್ಪ ಪೂರ್ತಿ ಕೇಳಿಸಿಕೊಂಡ.

"ಇರ್ಬೋದು. ಗೋಡೆ ಇರ್ಲಿಲ್ಲ ಅನ್ನೋದು ಸುಳ್ಳಾ?"

ಮಾರನೆಯ ದಿನ ಅವ್ವನ ಪೂಜೆಯಿತ್ತು. ಪ್ರತಿ ವರ್ಷ ಆ ದಿನ ಅಪ್ಪ ಗದ್ದುಗೆಗೆ ತಾನೇ ಸುಣ್ಣ ಬಳಿಯುತ್ತಿದ್ದ, ಪಕ್ಕದ ದಿಂಡಿಗೂ ಬಳಿಯುತ್ತಿದ್ದ. ಆ ವರ್ಷ ಕುಂಚ ಅದ್ದಿಕೊಡಲು ನಾನು ಹೋಗಿದ್ದೆ. ಅಪ್ಪ ಕಣ್ಣು ಕಾಣದಿದ್ದರೂ ಅಂಗೈಯಿಂದ ಅಂಚು ಸವರಿ ನೋಡಿ, ಒಂದಿಷ್ಟೂ ಬಿಡದೆ ಬಳಿದ. ಸಂತೆಗೆ ಹೊರಟಿದ್ದ ಯಾರೋ ಬೇರೆ ಊರಿನ ಮುದುಕ ದಾರಿಯಲ್ಲಿ ನಿಂತು, ದೊಡ್ಡದನ್ನೂ ಚಿಕ್ಕದನ್ನೂ ನೋಡಿ ತಲೆಯ ಮೇಲಿನ ಗಂಟು ಇಳಿಸಿದ.

"ಹೆರಿಗೇಲಿ ಹೋದ್ರಾ ತಾಯಿ? ಪಕ್ಕದ್ದು ಕೂಸಿಂದಾ?"

"ಕೂಸು ಚೆನ್ನಾಗೈತೆ," ಎಂದ ಅಪ್ಪ. "ಅದು ಗೋಡೆ."

ಮುದುಕನಿಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದ. ಆಮೇಲೆ ಗಂಟು ಎತ್ತಿಕೊಂಡು ಹೋದ. ಅಪ್ಪ ಮಡಕೆಯ ಒಳಗೆ ಬೆರಳಾಡಿಸಿ, ತಳದಲ್ಲಿ ಇನ್ನೂ ಒಂದಿಷ್ಟು ಸುಣ್ಣ ಇದೆ ಎಂದು ಕಂಡುಕೊಂಡು, ದಿಂಡಿಗೆ ಇನ್ನೊಂದು ಸಲ ಬಳಿಯತೊಡಗಿದ.